ಭೇಟಿ ಇಲ್ಲದ ಭಾನುವಾರಕ್ಕೆ ಎಂಟು ಪುಟ

ಬೆಳಗಿನ ಐದೂವರೆ. ಜೈಲಿನ ಹೊರಗೋಡೆಗೆ ಅಂಟಿಕೊಂಡಿರುವ ತಗಡು ಸೂರಿನ ಉದ್ದ ಕೋಣೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಕೂತು, ಬೆಂಚಿನಡಿಗೆ ಕೈ ತೂರಿಸಿ, ಬಿಸ್ಕತ್ತಿನ ಚೂರು, ಹಾಲಿನ ಬಾಟಲಿಯ ಮುಚ್ಚಳ, ಒಂಟಿ ಕಾಲುಚೀಲ ಹೊರಗೆಳೆಯುತ್ತಿದ್ದಾರೆ. ಬೆಂಚುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆ. ಅವುಗಳ ಕಾಲು ಎಷ್ಟು ಗಿಡ್ಡ ಎಂದರೆ ಪೊರಕೆ ಒಳಗೆ ಹೋಗುವುದಿಲ್ಲ, ಕೈಯೇ ಹೋಗಬೇಕು. ಕಾಲುಚೀಲವನ್ನು ಅವರು ಕಸಕ್ಕೆ ಹಾಕುವುದಿಲ್ಲ. ಕೊಡವಿ ಕಿಟಕಿಯ ಸರಳಿಗೆ ಸಿಕ್ಕಿಸುತ್ತಾರೆ. ಅಲ್ಲಿ ಆಗಲೇ ಒಂದು ಬೊಂಬೆಯ ತೋಳು, ಒಂದು ಹಳದಿ ರಿಬ್ಬನ್ನು ಇವೆ. "ಕಳಕೊಂಡೋರು ಮುಂದಿನ ವಾರ ಹುಡುಕ್ತಾರೆ. ಒಂದಾದ್ರೂ ಸಿಗಲಿ ಪಾಪ," ಎನ್ನುತ್ತಾರೆ.

ಹಾಜರಿ ಪುಸ್ತಕದಲ್ಲಿ ಅವರು 'ಸ್ವಚ್ಛತಾ ಸಿಬ್ಬಂದಿ, ಹೊರ ಆವರಣ'. ಕಾವಲುಗಾರರು ಅರ್ಧ ಗೇಲಿಯಲ್ಲಿ 'ಟೀಚರಮ್ಮ' ಎನ್ನುತ್ತಾರೆ. ಓದಿದ್ದು ನಾಲ್ಕನೇ ತರಗತಿ. ಒಳಗಿರುವ ಅಪ್ಪನನ್ನೋ ಅಣ್ಣನನ್ನೋ ನೋಡಲು ಭಾನುವಾರ ಬರುವ ಮಕ್ಕಳಿಗೆ ಮಾತ್ರ ಅವರು 'ಚಿತ್ರದಜ್ಜಿ'. ಈ ಲೇಖನವೂ ಮಕ್ಕಳ ಮಾತನ್ನೇ ಹಿಡಿಯುತ್ತದೆ.

ಆರು ಗಂಟೆಗೆ ಅಜ್ಜಿ ಮೂಲೆಯ ತಗಡಿನ ಪೆಟ್ಟಿಗೆ ತೆರೆಯುತ್ತಾರೆ. ಒಳಗೆ ನಲವತ್ತೊಂದು ಪುಸ್ತಕಗಳು. ಎಲ್ಲವೂ ಅಂಗೈ ಅಗಲದವು, ಎಲ್ಲಕ್ಕೂ ಎಂಟೇ ಪುಟ. ಪ್ರತಿ ಭಾನುವಾರ ಅವು ತಪಾಸಣೆಯ ಮೇಜನ್ನು ಹಾದು ಬರಬೇಕು. ದಪ್ಪ ಮೀಸೆಯ ಕಾವಲುಗಾರ ಒಂದೊಂದನ್ನೇ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾನೆ.

"ಏನು ಟೀಚರಮ್ಮ, ಈ ಬಾತುಕೋಳಿ ಹೊಟ್ಟೇಲಿ ಏನಾದ್ರೂ ಇದೆಯಾ?"

"ಹಸಿವಿದೆ ಕಣಪ್ಪ. ಬೇಗ ನೋಡಿ ಕೊಡು, ಮಕ್ಕಳು ಬರ್ತಾವೆ."

"ಹೋದ ವಾರಾನೂ ಹಸಿದಿತ್ತು. ಎಂಟು ಪುಟದಲ್ಲಿ ಒಂದು ಹಿಡಿ ಕಾಳು ಹಾಕೋಕೆ ಜಾಗ ಇಲ್ವಾ ನಿಮಗೆ?"

"ಕಾಳು ಹಾಕಿದ್ರೆ ನೀನು ಅದನ್ನೂ ಒಡೆದು ನೋಡ್ತೀಯ."

ಕಾವಲುಗಾರ ನಗುತ್ತಾನೆ, ಆದರೂ ಎಲ್ಲವನ್ನೂ ನೋಡಿಯೇ ಬಿಡುತ್ತಾನೆ. ಜೈಲಿನೊಳಗೆ, ಅದರ ಹೊಸ್ತಿಲಲ್ಲಿ ಕೂಡ, ಪುಸ್ತಕ ಸುಮ್ಮನೆ ಪುಸ್ತಕವಾಗಿರುವಂತಿಲ್ಲ. ಪಿನ್ನು ಇರಬಾರದು. ಗಟ್ಟಿ ರಟ್ಟು ಇರಬಾರದು, ಅದರೊಳಗೆ ಬ್ಲೇಡು ಅಡಗುತ್ತದೆ. ಎರಡು ಹಾಳೆ ಅಂಟಿಸಿರಬಾರದು. ಕಾಗದ ನೀರು ಕುಡಿದು ಉಬ್ಬಿರಬಾರದು, ಯಾಕೆಂದರೆ ಅಮಲಿನ ಮದ್ದನ್ನು ಕಾಗದಕ್ಕೆ ಕುಡಿಸಿ ಒಳಗೆ ಸಾಗಿಸಿದವರಿದ್ದಾರೆ. ಹಾಗಾಗಿ ಅಜ್ಜಿಯ ಪುಸ್ತಕಗಳಲ್ಲಿ ಜಲವರ್ಣವಿಲ್ಲ. ಕಾವಲುಗಾರರ ಹಳೆಯ ಪಾಳಿಪಟ್ಟಿಯ ಖಾಲಿ ಬೆನ್ನಿನ ಮೇಲೆ ಮೇಣದ ಬಳಪದ ಚಿತ್ರ, ನಡುವೆ ಬಿಳಿ ದಾರದ ನಾಲ್ಕು ಹೊಲಿಗೆ. ಅಕ್ಷರ ಒಂದೂ ಇಲ್ಲ. "ಇಲ್ಲಿ ಬರೋ ಅಮ್ಮಂದಿರಲ್ಲಿ ಅರ್ಧ ಜನಕ್ಕೆ ಓದೋಕೆ ಬರಲ್ಲ. ಅಕ್ಷರ ಹಾಕಿದ್ರೆ ಮಗು ಮುಂದೆ ಅವರ ಮಾನ ಹೋಗುತ್ತೆ. ಚಿತ್ರ ಆದ್ರೆ ಯಾರು ಬೇಕಾದ್ರೂ ಓದಬಹುದು."

ಗೇಟಿನ ಹೊರಗೆ ಸಾಲು ಕಟ್ಟಡದ ಮೂಲೆ ತಿರುಗಿದೆ. ಒಂಬತ್ತನೆಯ ಜಾಗದಲ್ಲಿ ಎರಡು ಜಡೆಯ, ಆರು ವರ್ಷದ ಹುಡುಗಿ, ಪಕ್ಕದಲ್ಲಿ ಅವಳ ತಾಯಿ. ಹುಡುಗಿಯನ್ನು ಇಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಾರೆ. ತಾಯಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದರಲ್ಲಿ ಇಸ್ತ್ರಿ ಹಿಡಿಯುವವಳು. ವಾರಕ್ಕೊಂದು ರಜೆ, ಆ ರಜೆ ಈ ಬೆಂಚಿಗೆ. ಗುಬ್ಬಿಯ ಅಪ್ಪ ಒಳಗೆ ಹೋಗಿ ಎರಡು ವರ್ಷ. ಮಂಗಳವಾರ ಅವನನ್ನು ಬೇರೆ ಜೈಲಿಗೆ ಕಳಿಸುತ್ತಾರೆ, ರೈಲಿನಲ್ಲಿ ಎರಡು ದಿನದ ದೂರ. ಅಲ್ಲಿಗೆ ಹೋಗಿಬರುವಷ್ಟು ರಜೆ ಯಾವ ಇಸ್ತ್ರಿ ಅಂಗಡಿಯೂ ಕೊಡುವುದಿಲ್ಲ. ಅಂದರೆ ಇದು ಕೊನೆಯ ಭಾನುವಾರ. ಕಳೆದ ಐದು ಭಾನುವಾರ ಗುಬ್ಬಿಯ ಚೀಟಿ ವಾಪಸ್ ಬಂದಿದೆ.

'ಚೀಟಿ ವಾಪಸ್' ಎಂಬುದು ಈ ಕೋಣೆಯ ಮಾತು. ಮಕ್ಕಳು ಬರೆಯಲು ಕಲಿಯುವ ಮೊದಲೇ ಇದನ್ನು ಕಲಿಯುತ್ತವೆ. ಬೆಳಿಗ್ಗೆ ಏಳಕ್ಕೆ ಕಿಟಕಿಯಲ್ಲಿ ಭೇಟಿಯ ಚೀಟಿ ಕೊಡಬೇಕು. ಚೀಟಿ ಒಳಗೆ ಹೋಗುತ್ತದೆ. ಒಳಗಿನವರು ಒಪ್ಪಿ, ಅಧಿಕಾರಿ ಸಹಿ ಹಾಕಿ, ಸರದಿ ಬಂದಾಗ ಮೈಕಿನಲ್ಲಿ ಸಂಖ್ಯೆ ಕರೆಯುತ್ತಾರೆ. ಒಂದು ಭಾನುವಾರಕ್ಕೆ ಸುಮಾರು ನೂರ ನಲವತ್ತು ಚೀಟಿ. ಹತ್ತು ವರ್ಷದೊಳಗಿನ ಮಕ್ಕಳು ಐವತ್ತರ ಆಸುಪಾಸು. ಅವರಲ್ಲಿ ಹನ್ನೆರಡು, ಹದಿನೈದು ಮಕ್ಕಳಿಗೆ ಭೇಟಿ ಸಿಗುವುದಿಲ್ಲ. ಅಪ್ಪನಿಗೆ ಒಳಗೆ ಏನೋ ತಪ್ಪಿಗೆ ಶಿಕ್ಷೆಯಾಗಿರುತ್ತದೆ, ಜ್ವರ ಬಂದಿರುತ್ತದೆ, ಅಮ್ಮನ ಗುರುತಿನ ಚೀಟಿಯ ಅಂಚು ಹರಿದಿರುತ್ತದೆ. ಕೆಲವೊಮ್ಮೆ ಅಪ್ಪನೇ ಬರಲು ಒಪ್ಪಿರುವುದಿಲ್ಲ. ಆ ಮಕ್ಕಳು ಅಜ್ಜಿಯ ಪಾಲಿಗೆ ಬರುತ್ತಾರೆ.

ಹನ್ನೊಂದು ವರ್ಷದ ಹಿಂದೆ ಒಂದು ದಾನಿ ಸಂಸ್ಥೆ ನಲವತ್ತು ಹೊಳಪಿನ ಪುಸ್ತಕ ತಂದುಕೊಟ್ಟು, ಫೋಟೊ ತೆಗೆಸಿಕೊಂಡು ಹೋಗಿತ್ತು. ತಪಾಸಣೆಯವರು ಅವುಗಳ ರಟ್ಟು ಸೀಳಿ ನೋಡಿದರು. ಉಳಿದ ಹಾಳೆಗಳನ್ನು ಅಜ್ಜಿ ದಾರ ಹಾಕಿ ಹೊಲಿದು ಮಕ್ಕಳ ಮುಂದಿಟ್ಟರು. ಒಂದರಲ್ಲಿ ಕರಡಿ ಟೋಪಿ ಕಳೆದುಕೊಳ್ಳುತ್ತಿತ್ತು, ಕೊನೆಯ ಪುಟದಲ್ಲಿ ಟೋಪಿ ಸಿಗುತ್ತಿತ್ತು. ಇನ್ನೊಂದರಲ್ಲಿ ಮರಿಯಾನೆಗೆ ದಾರಿ ತಪ್ಪುತ್ತಿತ್ತು, ಕೊನೆಯಲ್ಲಿ ಅಮ್ಮ ಸಿಗುತ್ತಿದ್ದಳು. ನಲವತ್ತರಲ್ಲೂ ಕೊನೆಗೆ ಸಿಗುತ್ತಿತ್ತು. ಒಂದು ಭಾನುವಾರ, ಚೀಟಿ ವಾಪಸ್ ಬಂದ ಹುಡುಗನೊಬ್ಬ ಕರಡಿಯ ಪುಸ್ತಕವನ್ನು ಕೊನೆಯವರೆಗೂ ನೋಡಿ, ಎದ್ದು ಹೋಗಿ ಚರಂಡಿಗೆ ಹಾಕಿ ಬಂದ. ಬೈಯಲು ಹೋದ ಅಜ್ಜಿಗೆ ಅವನು ಹೇಳಿದ್ದು ಒಂದೇ ಮಾತು: "ಕರಡಿಗೆ ಸಿಕ್ತು. ನನಗೆ ಯಾಕೆ ತೋರಿಸ್ತೀರ?"

"ಅವನನ್ನ ಬೈಯೋದು ಬಿಟ್ಟೆ," ಎನ್ನುತ್ತಾರೆ ಅಜ್ಜಿ. "ಹೊಟ್ಟೆ ಹಸಿದೋರ ಮುಂದೆ ಕೂತು ಉಂಡಂಗೆ ಆಯ್ತಲ್ಲ ಅನ್ನಿಸ್ತು. ಅವತ್ತೇ ಮನೇಲಿ ಕೂತು ಒಂದು ಬಾತುಕೋಳಿ ಬರೆದೆ. ಬಾತುಕೋಳಿ ಥರ ಇರಲಿಲ್ಲ, ಚಪ್ಪಲಿ ಥರ ಇತ್ತು. ಮಕ್ಕಳು ನಕ್ಕವು. ನಗಲಿ ಬಿಡಿ."

ಆ ಬಾತುಕೋಳಿ ಕಾಳು ಕೊಳ್ಳಲು ಹೊರಡುತ್ತದೆ. ನಾಲ್ಕು ಪುಟ ನಡೆಯುತ್ತದೆ. ಐದನೆಯ ಪುಟದಲ್ಲಿ ಅಂಗಡಿ ಮುಚ್ಚಿದೆ. ಆರನೆಯ ಪುಟದಲ್ಲೂ ಮುಚ್ಚಿದೆ. ಬಾತುಕೋಳಿ ಮೆಟ್ಟಿಲ ಮೇಲೆ ಕೂತಿದೆ, ಅಷ್ಟೆ. ಏಳರಲ್ಲಿ ಎದ್ದು ಬಂದ ದಾರಿಯಲ್ಲೇ ಹಿಂದೆ ಹೊರಟಿದೆ. ಎಂಟರಲ್ಲಿ ಮನೆ, ಒದ್ದೆ ಕಾಲು ಒರೆಸುವ ಚಾಪೆ. ಕಾಳು ಎಲ್ಲಿಯೂ ಇಲ್ಲ. ಅಜ್ಜಿಯ ಎಲ್ಲ ಪುಸ್ತಕಗಳ ನಡೆ ಇದೇ. ಗಾಳಿಪಟಕ್ಕೆ ಗಾಳಿ ಬರುವುದಿಲ್ಲ. ಬಸ್ಸಿಗೆ ಕಾದ ಆಮೆಗೆ ಬಸ್ಸು ನಿಲ್ಲುವುದಿಲ್ಲ. ಐದರಲ್ಲಿ ಇಲ್ಲ ಎಂದಾದರೆ ಎಂಟರಲ್ಲೂ ಇಲ್ಲವೇ. ನಡುವಿನ ಎರಡು ಪುಟದಲ್ಲಿ ಏನಾಯಿತು ಎಂಬುದನ್ನು ಮಗು ಹೇಳಬೇಕು. "ಆಮೇಲೆ?" ಎಂದು ಅಜ್ಜಿ ಕೇಳುತ್ತಾರೆ. ಬಾತುಕೋಳಿ ಅಂಗಡಿಗೆ ಕಲ್ಲು ಹೊಡೆಯಿತು ಎನ್ನುವವರಿದ್ದಾರೆ. ಅಂಗಡಿಯವನು ಸತ್ತುಹೋದ ಎಂದವರಿದ್ದಾರೆ. ಅಜ್ಜಿ ಯಾವುದನ್ನೂ ತಿದ್ದುವುದಿಲ್ಲ.

ಚೀಟಿ ವಾಪಸ್ ಬಂದಾಗ ಅವರದೊಂದು ಕ್ರಮವಿದೆ. ಮಗುವಿನ ಮುಂದೆ ನೆಲದ ಮೇಲೆ ಕೂರುತ್ತಾರೆ, ಮಗುವಿನ ಕಣ್ಣಿಗಿಂತ ತಮ್ಮ ಕಣ್ಣು ಕೆಳಗಿರುವಂತೆ. ಆಗಿದ್ದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ. ಮುಂದಿನ ವಾರದ ಮಾತು ಎತ್ತುವುದಿಲ್ಲ. ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಇನ್ನೂರು ಎಣಿಸುತ್ತಾರೆ. "ದೊಡ್ಡೋರಿಗೆ ಮಗು ಸುಮ್ಮನಿದ್ರೆ ತಡೆಯೋಕಾಗಲ್ಲ. ಚಾಕೊಲೇಟು ಅಂತಾರೆ, ಕಾಗೆ ನೋಡು ಅಂತಾರೆ. ಅದಕ್ಕೇ ಎಣಿಸೋದು. ನೂರೈವತ್ತರ ಹೊತ್ತಿಗೆ ಏನೋ ಒಂದು ಮಾತು ಬರುತ್ತೆ. ಬರಲಿಲ್ಲ ಅಂದ್ರೆ ಮತ್ತೆ ಒಂದರಿಂದ ಶುರು." ಪುಸ್ತಕ ಕೈಗೆ ಬರುವುದು ಆ ಎಣಿಕೆ ಮುಗಿದ ಮೇಲೆ. ಭೇಟಿ ಮುಗಿಸಿದವರು ಗದ್ದಲ ಮಾಡುತ್ತಾ ಹೊರಡುತ್ತಿರುತ್ತಾರೆ. ಆ ಮೂಲೆಯಲ್ಲಿ ಒಬ್ಬ ಮುದುಕಿ, ಒಂದು ಮಗು ಎದುರುಬದುರು ಸುಮ್ಮನೆ ಕೂತಿರುತ್ತಾರೆ. ದೂರದಿಂದ ನೋಡಿದರೆ ಇಬ್ಬರೂ ಮುನಿಸಿಕೊಂಡಿದ್ದಾರೆ ಎನಿಸುತ್ತದೆ.

ಈ ಮೌನವನ್ನು ಅವರು ಎಲ್ಲಿಯೂ ಕಲಿತದ್ದಲ್ಲ, ಕಳೆದುಕೊಂಡು ಪಡೆದದ್ದು. ಅವರ ಗಂಡನೂ ಇದೇ ಗೋಡೆಯ ಒಳಗೆ ಒಂಬತ್ತು ವರ್ಷ ಇದ್ದ. ಆಗ ಮಗಳಿಗೆ ನಾಲ್ಕು ವರ್ಷ. ಅಪ್ಪ ಇಲ್ಲಿ ಕುರ್ಚಿ ಮಾಡುವ ಕಾರ್ಖಾನೆಯಲ್ಲಿದ್ದಾನೆ, ಬಿಡುವಾದಾಗ ಬರುತ್ತಾನೆ ಎಂದು ಮಗಳಿಗೆ ಹೇಳಿದ್ದರು. ಚೀಟಿ ವಾಪಸ್ ಬಂದ ದಿನವೆಲ್ಲ "ಇವತ್ತು ಕುರ್ಚಿ ಜಾಸ್ತಿ ಇದೆಯಂತೆ, ಮುಂದಿನ ವಾರ ಖಂಡಿತ ಬರ್ತಾರೆ" ಎನ್ನುತ್ತಿದ್ದರು. ಮಗಳು ನಂಬಿದಳು. ನಂಬಿ ನಂಬಿ, ಎಂಟನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಯಾರೋ ನಿಜ ಹೇಳಿದಾಗ, ಮನೆಗೆ ಬಂದು ತಾಯಿಯ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದಳು. ಗಂಡ ಬಿಡುಗಡೆಯಾಗಿ ಬಂದವನು ಆರು ತಿಂಗಳಿದ್ದು ಎಲ್ಲಿಗೋ ಹೋದ. ಮಗಳು ಈಗ ಇದೇ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ. ಅವಳಿಗೂ ನಾಲ್ಕು ವರ್ಷದ ಮಗಳಿದ್ದಾಳೆ.

"ಅವಳಿಗೆ ಅಪ್ಪನ ಮೇಲೆ ಸಿಟ್ಟಿಲ್ಲ. ಅವನು ಕಳ್ಳ, ಅವನ ಕಸುಬು ಅದು. ಸಿಟ್ಟೆಲ್ಲ ನನ್ನ ಮೇಲೆ," ಎನ್ನುತ್ತಾರೆ ಅಜ್ಜಿ, ಬಳಪದ ಮೊನೆಯನ್ನು ಗೋಡೆಗೆ ಉಜ್ಜುತ್ತಾ. "ಒಂದ್ಸಲ ಮೊಮ್ಮಗಳಿಗೆ ಅಂತ ಒಂದು ಪುಸ್ತಕ ತಗೊಂಡು ಹೋಗಿದ್ದೆ. ಬಾಗಿಲಲ್ಲೇ ಹೇಳಿದ್ಳು, 'ಅಮ್ಮಾ, ನಿನ್ನ ಕಥೆ ಒಂದು ತಲೆಮಾರಿಗೆ ಸಾಕು' ಅಂತ. ಕಾಫಿ ಕೊಟ್ಳು. ಕುಡಿದು ಬಂದೆ." ಊರಿನ ಅರ್ಧ ಮಕ್ಕಳಿಗೆ ಅಜ್ಜಿಯಾದವರು ತಮ್ಮ ಮೊಮ್ಮಗಳಿಗೆ ಒಂದು ಪುಟವನ್ನೂ ತೋರಿಸಿಲ್ಲ.

ಇಲಾಖೆ ಇವರನ್ನು ಗಮನಿಸಿಲ್ಲ ಎನ್ನುವಂತಿಲ್ಲ. ಎರಡು ವರ್ಷದ ಹಿಂದೆ ಮೇಲಿನ ಕಚೇರಿಯಿಂದ ಬಂದ ಅಧಿಕಾರಿಯೊಬ್ಬರು ಅಜ್ಜಿ ಪುಸ್ತಕ ಹರಡುವ ಚಾಪೆಯನ್ನು ಮೆಚ್ಚಿ ಫೋಟೊ ತೆಗೆಸಿದರು. ಪೊರಕೆ ಚಿತ್ರದಲ್ಲಿ ಬರುತ್ತದೆ, ಸ್ವಲ್ಪ ಆಚೆ ಸರಿಯಿರಿ ಎಂದರು. ಅಜ್ಜಿ ಪೊರಕೆಯ ಜೊತೆ ಆಚೆ ಸರಿದರು. ವಾರ್ಷಿಕ ವರದಿಯ ಮೂವತ್ತೊಂದನೆಯ ಪುಟದಲ್ಲಿ ಆ ಚಿತ್ರ ಈಗಲೂ ಇದೆ: ಚಾಪೆ, ಪುಸ್ತಕ, ಅಧಿಕಾರಿ. ಕೆಳಗೆ 'ಸಂದರ್ಶಕರಿಗೆ ಮನರಂಜನಾ ಸೌಲಭ್ಯ' ಎಂದಿದೆ.

ಗುಬ್ಬಿಯ ವಿಷಯಕ್ಕೆ ಬಂದರೆ ಅಜ್ಜಿ ತಮ್ಮ ತಪ್ಪಿನಿಂದಲೇ ಮಾತು ಶುರುಮಾಡುತ್ತಾರೆ. ಮೂರನೆಯ ಸಲ ಚೀಟಿ ವಾಪಸ್ ಬಂದ ದಿನ ಆ ಹುಡುಗಿ ಅಳಲಿಲ್ಲ. ಇನ್ನೂರು ಮುಗಿಯಿತು, ನಾನ್ನೂರು ಮುಗಿಯಿತು, ಮಾತಿಲ್ಲ. ಆ ವಾರ ಮನೆಯಲ್ಲಿ ಕೂತು ಅಜ್ಜಿ ಒಂದು ಪುಸ್ತಕ ಮಾಡಿದರು. ಎರಡು ಜಡೆಯ ಗುಬ್ಬಚ್ಚಿಯೊಂದು ದೊಡ್ಡ ಬಾಗಿಲ ಮುಂದೆ ಕಾಯುತ್ತದೆ. ಐದರಲ್ಲಿ ಬಾಗಿಲು ಮುಚ್ಚಿದೆ. ಆರು, ಏಳರಲ್ಲೂ ಮುಚ್ಚಿದೆ. ಎಂಟರಲ್ಲಿ ತೆರೆದಿದೆ, ಒಳಗೆ ಅಪ್ಪ ಗುಬ್ಬಚ್ಚಿ ರೆಕ್ಕೆ ಅಗಲಿಸಿ ನಿಂತಿದೆ. ಹನ್ನೊಂದು ವರ್ಷದಲ್ಲಿ ಅವರು ನಿಯಮ ಮುರಿದದ್ದು ಅದೊಂದೇ ಸಲ.

"ಕರುಳು ಕೇಳಲಿಲ್ಲ. ಒಂದೇ ಒಂದ್ಸಲ ಅಂದ್ಕೊಂಡೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ಚಿತ್ರಾನೂ ಹಾಗೇ ನೋಡಿ."

ಗುಬ್ಬಿ ಆ ಪುಸ್ತಕವನ್ನು ಕಥೆ ಎಂದು ತಿಳಿಯಲಿಲ್ಲ. ಹೇಗೆ ಮಾಡಬೇಕು ಎಂದು ಹೇಳಿಕೊಡುವ ಕಾಗದ ಎಂದು ತಿಳಿದಳು. ಮುಂದಿನ ಭಾನುವಾರ ಭೇಟಿಯ ಬಾಗಿಲ ಎದುರು ನಿಂತು ಎಂಟೂ ಪುಟ ತಿರುಗಿಸಿದಳು. ಬಾಗಿಲು ತೆರೆಯಲಿಲ್ಲ. ಅದರ ಮುಂದಿನ ವಾರ ನಿಧಾನವಾಗಿ, ಪ್ರತಿ ಪುಟಕ್ಕೂ ಹತ್ತು ಎಣಿಸಿ ತಿರುಗಿಸಿದಳು. ಆಮೇಲೆ ಹಿಂದಿನಿಂದ ಮುಂದಕ್ಕೆ ತಿರುಗಿಸಿದಳು. ಯಾಕೆ ಪುಟ್ಟಿ ಹಾಗೆ ಮಾಡ್ತೀಯ ಎಂದು ಅಜ್ಜಿ ಕೇಳಿದರೆ, "ಎಲ್ಲೋ ತಪ್ಪು ಓದ್ತಾ ಇದೀನಿ" ಎಂದಳು. ಅಜ್ಜಿ ಅದನ್ನು ವಾಪಸ್ ಕೇಳಿದರು, ಹೊಸದು ಕೊಡುತ್ತೇನೆ ಎಂದರು. ಅವಳು ಲಂಗದೊಳಗೆ ಸಿಕ್ಕಿಸಿಕೊಂಡು ಓಡಿದಳು. ಹೀಗೆ ಐದು ವಾರದ ನಿರಾಸೆಯಲ್ಲಿ ಆ ಮಗು ಒಂದು ಹನಿ ಕಣ್ಣೀರು ಹಾಕಿಲ್ಲ. ತಪ್ಪು ತನ್ನದು ಎಂದುಕೊಂಡವರಿಗೆ ಅಳಲು ಪುರುಸೊತ್ತೆಲ್ಲಿ?

ಈ ಭಾನುವಾರ ಎಂಟೂವರೆಗೆ ಮೈಕು ಮೊದಲ ಸಂಖ್ಯೆಗಳನ್ನು ಕರೆಯುತ್ತದೆ. ಒಂದು, ಎರಡು, ನಾಲ್ಕು, ಐದು. ತಾಯಿ ಗುಬ್ಬಿಯ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ಆರು, ಏಳು, ಹತ್ತು, ಹನ್ನೊಂದು. ಗುಬ್ಬಿಗೆ ನೂರರವರೆಗೆ ಎಣಿಸಲು ಬರುತ್ತದೆ.

"ಅಜ್ಜಿ, ಹತ್ತು ಕರೆದ್ರು. ಒಂಬತ್ತು ಮರೆತ್ರಾ?"

"ಕಿಟಕೀಲಿ ಕೇಳ್ಕೊಂಡು ಬಾ ಅಂತ ಅಮ್ಮಂಗೆ ಹೇಳು."

ತಾಯಿ ಕೇಳಿ ಬರುತ್ತಾಳೆ. ಕಿಟಕಿಯ ಗುಮಾಸ್ತ ತಲೆ ಎತ್ತದೆ "ಕೂತ್ಕೊಳ್ಳಮ್ಮ, ಕರೀತೀವಿ" ಎಂದನಂತೆ. ಅವಳು ಕೂರುತ್ತಾಳೆ. ಒಂಬತ್ತೂವರೆ, ಹತ್ತೂವರೆ. ಸೂರಿನ ತಗಡು ಬಿಸಿಲಿಗೆ ಕಾಯುತ್ತದೆ. ಇಪ್ಪತ್ತು ಕರೆಯುತ್ತಾರೆ, ಐವತ್ತು ಕರೆಯುತ್ತಾರೆ. ಬೇರೆ ಮಕ್ಕಳು ಒಳಗೆ ಹೋಗಿ, ಅಪ್ಪಂದಿರ ಬೆವರಿನ ವಾಸನೆ ಹೊತ್ತು ಹೊರಬರುತ್ತಾರೆ. ಚಾಪೆಯ ಮೇಲೆ ಕಾಯುವ ಮಕ್ಕಳ ಗುಂಪು, ನಡುವೆ ಅಜ್ಜಿ, ಅವರ ಕೈಯಲ್ಲಿ ಬಸ್ಸು ಸಿಗದ ಆಮೆ. "ಆಮೇಲೆ?" "ಆಮೆ ನಡ್ಕೊಂಡೇ ಹೋಯ್ತು." "ಆಮೇಲೆ?" "ಕಾಲು ನೋವು ಬಂತು." "ಆಮೇಲೆ?" "ಬಸ್ಸಿನ ಡ್ರೈವರ್‌ಗೂ ಕಾಲು ನೋವು ಬರಲಿ ಅಂತು." ಮಕ್ಕಳು ನಗುತ್ತಾರೆ. ಗುಬ್ಬಿ ಗುಂಪಿನಲ್ಲಿಲ್ಲ. ಬಾಗಿಲಿಗೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ತನ್ನ ಪುಸ್ತಕ ತಿರುಗಿಸುತ್ತಿದ್ದಾಳೆ.

ಹನ್ನೆರಡೂ ಮುಕ್ಕಾಲಿಗೆ ಭೇಟಿಗಳು ಮುಗಿಯುತ್ತವೆ. ಕೋಣೆ ಮುಕ್ಕಾಲು ಭಾಗ ಖಾಲಿ. ಆಗ ಗುಮಾಸ್ತ ರಬ್ಬರ್ ಬ್ಯಾಂಡು ಹಾಕಿದ ಒಂದು ಕಟ್ಟನ್ನು ಕಿಟಕಿಯ ಕಟ್ಟೆಗೆ ತಂದಿಟ್ಟು, ಉಳಿದವರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಾನೆ. ಗುಬ್ಬಿಯ ತಾಯಿ ಚೀಟಿ ಹಿಡಿದು ಬರುತ್ತಾಳೆ. ಮೇಲೆ ಮೊಹರು: 'ಬರಲು ಒಪ್ಪಿಲ್ಲ'. ಮೀಸೆಯ ಕಾವಲುಗಾರ ತಪಾಸಣೆಯ ಮೇಜಿನಿಂದ ಎದ್ದು ಬಂದು, ತಗ್ಗಿದ ದನಿಯಲ್ಲಿ, "ಮುಖ ತೋರಿಸೋಕಾಗಲ್ಲ ಅಂದ್ನಂತೆ ತಾಯಿ. ಹೋಗೋ ಮುಂಚೆ ಅವಳನ್ನ ನೋಡಿದ್ರೆ ನಾನು ಉಳಿಯಲ್ಲ ಅಂದ್ನಂತೆ" ಎನ್ನುತ್ತಾನೆ.

"ಅವನು ಉಳೀಲಿ ಅಣ್ಣ. ನಾವು ಹೇಗೋ ಇರ್ತೀವಿ," ಎನ್ನುತ್ತಾಳೆ ತಾಯಿ. ಆಮೇಲೆ ಅಜ್ಜಿಯ ಸೆರಗು ಹಿಡಿದು ಪಕ್ಕಕ್ಕೆ ಎಳೆಯುತ್ತಾಳೆ. "ಅಜ್ಜಿ, ಸಾಹೇಬ್ರು ಬಿಡ್ಲಿಲ್ಲ ಅಂತ ಹೇಳಿಬಿಡಿ. ಕೈ ಮುಗೀತೀನಿ. ಅಪ್ಪನೇ ಬೇಡ ಅಂದ ಅಂತ ಕೇಳಿಸ್ಕೊಂಡು ಆ ಕೂಸು ಹೇಗೆ ಬದುಕುತ್ತೆ?"

"ನಾನು ಸುಳ್ಳು ಹೇಳಲ್ಲಮ್ಮ. ಒಂದ್ಸಲ ಹೇಳಿ ನೋಡಿದೀನಿ."

"ನಿಮಗೇನು, ನೀವು ಹೇಳಿ ಎದ್ದು ಕಸ ಗುಡಿಸ್ತೀರ. ರಾತ್ರಿ ಅವಳ ಪಕ್ಕ ಮಲಗೋದು ನಾನು."

ಆ ಮಾತು ನಿಜವೆಂದು ಅಜ್ಜಿಯ ಮುಖ ಹೇಳುತ್ತದೆ. "ಅವಳು ಕೇಳಿದ್ದಕ್ಕಿಂತ ಒಂದು ಮಾತೂ ಜಾಸ್ತಿ ಹೇಳಲ್ಲ. ಕೇಳಿದ್ದಕ್ಕೆ ಸುಳ್ಳೂ ಹೇಳಲ್ಲ. ಬೇಡ ಅಂದ್ರೆ ನೀನೇ ಹೇಳು," ಎನ್ನುತ್ತಾರೆ. ತಾಯಿ ಗೋಡೆ ನೋಡುತ್ತಾಳೆ.

ಅಜ್ಜಿ ಗುಬ್ಬಿಯ ಮುಂದೆ ನೆಲದ ಮೇಲೆ ಕೂರುತ್ತಾರೆ. "ಇವತ್ತು ಭೇಟಿ ಇಲ್ಲ ಮಗಾ." ಎಣಿಕೆ ಶುರುವಾಗುತ್ತದೆ. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾರೆ. ಗುಮಾಸ್ತ ಕಿಟಕಿಯ ಬಾಗಿಲು ಎಳೆದುಕೊಳ್ಳುತ್ತಾನೆ. ತುಂಬಾ ಹೊತ್ತಾದ ಮೇಲೆ ಗುಬ್ಬಿ ಕೇಳುತ್ತಾಳೆ, "ನಾನು ಸರಿಯಾಗಿ ಓದ್ಲಿಲ್ವಾ?"

"ನೀನು ಸರಿಯಾಗೇ ಓದಿದ್ದೆ. ನಾನು ತಪ್ಪು ಬರೆದಿದ್ದೆ. ಕೊನೇ ಪುಟ ಸುಳ್ಳು."

"ಬಾಗಿಲು ತೆಗೆಯೋದಾ?"

"ಹೂಂ. ಅದು ನಮ್ಮ ಕೈಲಿಲ್ಲ. ಎಷ್ಟು ಓದಿದ್ರೂ ಇಲ್ಲ."

ಗುಬ್ಬಿ ಬಾಗಿಲ ಕಡೆ ನೋಡುತ್ತಾಳೆ. "ಬೀಗ ಹಾಕಿದಾರಾ? ಅಪ್ಪ ಒಳಗಿಂದ ತಟ್ತಾ ಇದಾರಾ?"

ಅಜ್ಜಿ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ತಾಯಿಯ ದನಿ ಬರುತ್ತದೆ. "ಇಲ್ಲ. ತಟ್ತಾ ಇಲ್ಲ. ಅಪ್ಪ ಬರಲ್ಲ ಅಂದ್ರು."

ಗುಬ್ಬಿ ತಿರುಗಿ ತಾಯಿಯ ಹೊಟ್ಟೆಗೆ ಎರಡೂ ಮುಷ್ಟಿಯಿಂದ ಹೊಡೆಯುತ್ತಾಳೆ. ಹೊಡೆಯುತ್ತಾ ಹೊಡೆಯುತ್ತಾ ಅವಳ ಗಂಟಲಿನಿಂದ ಒಂದು ಸದ್ದು ಬರುತ್ತದೆ, ಅದು ಅಳುವೆಂದು ತಿಳಿಯಲು ಕ್ಷಣ ಹಿಡಿಯುತ್ತದೆ. ಐದು ವಾರದ್ದೂ ಸೇರಿ ಬರುತ್ತದೆ. ತಾಯಿ ತಡೆಯುವುದಿಲ್ಲ. ಅಜ್ಜಿ ಯಾವ ಪುಸ್ತಕವನ್ನೂ ಕೈಗೆ ತೆಗೆದುಕೊಳ್ಳುವುದಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ತಂದು ಬೆಂಚಿನ ಮೇಲಿಟ್ಟು, ಮತ್ತೆ ಕೂರುತ್ತಾರೆ.

ಅಳು ಬಿಕ್ಕಾಗಿ ಇಳಿದ ಮೇಲೆ, ಹೊರಡುವ ಮೊದಲು, ತಾಯಿ ಚೀಟಿಯನ್ನು ಅಜ್ಜಿಯ ಮುಂದೆ ಹಿಡಿಯುತ್ತಾಳೆ. ಮೊಹರಿನ ಕೆಳಗೆ, ಮೂಲೆಯಲ್ಲಿ, ಒಳಗಿನ ಕಾವಲುಗಾರನ ಕೈಬರಹದಲ್ಲಿ ಒಂದು ಸಮಯವಿದೆ. "ಇದು ಏಳು ನಲವತ್ತು ಅಲ್ವಾ ಅಜ್ಜಿ? ಅವರು ಬರಲ್ಲ ಅಂದಿದ್ದು ಏಳು ನಲವತ್ತಕ್ಕೆ?"

ಅಜ್ಜಿ ಚೀಟಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಏಳು ನಲವತ್ತೇ. ಮೈಕು ಮೊದಲ ಸಂಖ್ಯೆ ಕರೆಯುವುದಕ್ಕೂ ಐವತ್ತು ನಿಮಿಷ ಮೊದಲು. "ಹನ್ನೊಂದು ವರ್ಷದಲ್ಲಿ ಈ ಮೂಲೆ ನಾನು ನೋಡೇ ಇಲ್ಲ," ಎನ್ನುತ್ತಾರೆ ನಿಧಾನವಾಗಿ. "ಚೀಟಿ ಬಂದ್ರೆ ಮಗು ಮುಖ ನೋಡ್ತಿದ್ದೆ."

ಅವರು ಕಿಟಕಿಯನ್ನು ತಟ್ಟುತ್ತಾರೆ. ಗುಮಾಸ್ತ ಊಟದ ಡಬ್ಬಿ ಬಿಚ್ಚುತ್ತಿದ್ದವನು ತೆರೆಯುತ್ತಾನೆ.

"ಏಳು ನಲವತ್ತಕ್ಕೇ ಗೊತ್ತಿತ್ತಲ್ಲಪ್ಪ. ಒಂದು ಗಂಟೆ ತನಕ ಯಾಕೆ ಕೂರಿಸಿದ್ರಿ?"

"ನಿಯಮ ಅಜ್ಜಿ. ಇಲ್ಲ ಅನ್ನೋ ಚೀಟಿ ಎಲ್ಲ ಕೊನೇಲಿ. ಮುಂಚೆ ಬಂದ ಹಾಗೇ ಹೇಳ್ತಿದ್ವಿ. ಹೆಂಗಸರು ಕೂಗಾಡೋರು, ಮಕ್ಕಳು ಅರಚೋರು, ಕಿಟಕಿ ಗಾಜು ಒಡೆದಿದ್ರು. ಜನ ಕಮ್ಮಿ ಆದ್ಮೇಲೆ ಹೇಳಿದ್ರೆ ಗಲಾಟೆ ಇರಲ್ಲ."

"ಐದು ಗಂಟೆ ಮಕ್ಕಳು ಕಾಯೋದು?"

"ಕಾಯೋದೇನು ಅಜ್ಜಿ, ನಿಮ್ಮ ಹತ್ರ ಆಡ್ಕೊಂಡಿರ್ತಾವೆ. ನಿಮ್ಮ ಪುಸ್ತಕ ಬಂದ್ಮೇಲೇ ಅಲ್ವಾ ಈ ನಿಯಮ ನಡೆದಿದ್ದು? ಸಾಹೇಬ್ರೂ ಹೇಳ್ತಿರ್ತಾರೆ, ಆ ಅಮ್ಮ ಇದಾಳೆ, ಮಕ್ಕಳ ಸದ್ದೇ ಇಲ್ಲ ಅಂತ." ಅವನು ಹೊಗಳುತ್ತಿದ್ದಾನೆ. ಅದರಲ್ಲಿ ಕುಹಕವಿಲ್ಲ.

ಅಜ್ಜಿ ಕಿಟಕಿಯಿಂದ ಹಿಂದೆ ಸರಿಯುತ್ತಾರೆ. ತಾಯಿ ಮಗಳು ಗೇಟು ದಾಟುವುದನ್ನು ನೋಡುತ್ತಾ ನಿಲ್ಲುತ್ತಾರೆ. ಮಗು ನಡೆಯಲಾರೆ ಎಂದು ನಿಂತುಬಿಡುತ್ತದೆ, ತಾಯಿ ಎತ್ತಿಕೊಳ್ಳುತ್ತಾಳೆ. ಆರು ವರ್ಷದ ಮಗು ಎತ್ತಲು ಭಾರ. ಎರಡು ಕಡೆ ನಿಂತು ಸೊಂಟ ಬದಲಿಸುತ್ತಾಳೆ. ಚಾಪೆ ಇನ್ನೂ ಹಾಸಿದೆ. ಅದರ ಮೇಲೆ ಪುಸ್ತಕಗಳು ಹರಡಿವೆ. ಅಜ್ಜಿ ಅವುಗಳನ್ನು ಎತ್ತಿಡದೆ ಬೆಂಚಿನ ಮೇಲೆ ಕೂರುತ್ತಾರೆ. ಇನ್ನೂರಕ್ಕಿಂತ ಹೆಚ್ಚೇ ಹೊತ್ತು ಕಳೆಯುತ್ತದೆ.

ಇಂಥ ಕೆಲಸ ಮಾಡುವವರನ್ನು ನಿಮಗೇನು ಬೇಕು ಎಂದು ಕೇಳಿದರೆ ಬಹಳ ಜನ ಬಣ್ಣದ ಪೆಟ್ಟಿಗೆ ಎನ್ನುತ್ತಾರೆ, ಒಂದು ಫ್ಯಾನು ಎನ್ನುತ್ತಾರೆ. ಅಜ್ಜಿ ಪಾಳಿಪಟ್ಟಿಯ ಒಂದು ಹಾಳೆಯನ್ನು ಮಗುಚಿ ಇಡುತ್ತಾರೆ, ಸಾಹೇಬರಿಗೆ ಅರ್ಜಿ ಹೇಗೆ ಶುರುಮಾಡುವುದೆಂದು ಈ ಲೇಖನ ಬರೆಯುವವರನ್ನೇ ಕೇಳುತ್ತಾರೆ. ನಾಲ್ಕನೇ ತರಗತಿಯ ದಪ್ಪ ಅಕ್ಷರದಲ್ಲಿ, ಒಂದೊಂದು ಒತ್ತಕ್ಷರಕ್ಕೂ ತಡೆದು, ಬರೆಯುತ್ತಾರೆ. ಇಲ್ಲ ಎನ್ನುವುದಿದ್ದರೆ ಎಂಟು ಗಂಟೆಯೊಳಗೆ ಹೇಳಬೇಕು, ಅಷ್ಟೇ ಅರ್ಜಿ. ಮಕ್ಕಳು ಅರಚಿದರೆ ತಾನು ನೋಡಿಕೊಳ್ಳುವೆನೆಂದು ಕೊನೆಗೊಂದು ಸಾಲು ಸೇರಿಸುತ್ತಾರೆ. ಅದನ್ನು ಓದಿ ನೋಡಿ, ಆ ಸಾಲನ್ನು ಹೊಡೆದುಹಾಕುತ್ತಾರೆ.

"ಅರಚಲಿ," ಎನ್ನುತ್ತಾರೆ. "ಎಂಟು ಗಂಟೆಗೆ ಹೇಳಿದ್ರೆ ಒಂಬತ್ತಕ್ಕೆ ಅತ್ತು ಮುಗಿಸಿರೋಳು. ಹತ್ತಕ್ಕೆ ಮನೆ, ಸಂಜೆ ತನಕ ಆಟ. ಅವಳ ಅಪ್ಪ ಒಂದು ಭೇಟಿ ತಗೊಂಡ. ಇಡೀ ಭಾನುವಾರ ತಗೊಂಡಿದ್ದು ನಾವು."